ಕಬ್ಬನ್ ಪಾರ್ಕಿನ ಕೆಂಪು ಗ್ರಂಥಾಲಯ ಅಠಾರಾ ಕಚೇರಿಯಲ್ಲ

ನಮಸ್ಕಾರ. ತೀರ್ಥಹಳ್ಳಿಯಿಂದ ಮಗಳನ್ನು ಕರೆದುಕೊಂಡು ಬೆಂಗಳೂರಿಗೆ ಹೊರಟಿದ್ದೀರಿ, ಕಬ್ಬನ್ ಪಾರ್ಕಿನೊಳಗಿನ ಕೆಂಪು ಗ್ರಂಥಾಲಯವೂ ಅಠಾರಾ ಕಚೇರಿಯೂ ಒಂದೇನಾ ಅಂತ ಕೇಳಿದ್ದೀರಿ. ಅಲ್ಲ, ಎರಡೂ ಬೇರೆ ಬೇರೆ. ಬಣ್ಣ ಒಂದೇ ಆಗಿರುವುದರಿಂದ ತುಂಬಾ ಜನಕ್ಕೆ ಹೀಗಾಗುತ್ತೆ. ಅಠಾರಾ ಕಚೇರಿ 1868ರಲ್ಲಿ ಮುಗಿದದ್ದು, ಈಗ ಹೈಕೋರ್ಟ್. ಗ್ರಂಥಾಲಯ ಇರುವುದು ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ. ಅದು ಸುಮಾರು ಅರ್ಧ ಶತಮಾನದ ನಂತರದ್ದು, 1915ರ ಹೊತ್ತಿನದು.

ಶೇಷಾದ್ರಿ ಅಯ್ಯರ್ 1883ರಿಂದ 1901ರವರೆಗೆ ಮೈಸೂರಿನ ದಿವಾನರು. ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋದದ್ದು ಅವರು ಶುರುಮಾಡಿಸಿದ ಯೋಜನೆಯಿಂದ. ಅಂಥವರ ನೆನಪಿನ ಕಟ್ಟಡ ಪುಸ್ತಕದ ಮನೆಯಾದದ್ದು ನನಗೆ ಬಹಳ ಇಷ್ಟವಾದ ಸಂಗತಿ.

ಮಗಳಿಗೆ ಕಂಬಗಳನ್ನು ತೋರಿಸಿ. ಟಸ್ಕನ್ ಮತ್ತು ಕೊರಿಂಥಿಯನ್, ಎರಡು ಬಗೆಯವೂ ಅಲ್ಲಿವೆ. ಟಸ್ಕನ್ ಕಂಬದ ತಲೆ ಸಾದಾ, ಬಳೆ ತೊಡಿಸಿದ ಹಾಗೆ ಒಂದೆರಡು ಸುತ್ತು, ಅಷ್ಟೇ. ಕೊರಿಂಥಿಯನ್ನಿನ ತಲೆಯಲ್ಲಿ ಎಲೆಗಳು ಒಂದರ ಮೇಲೊಂದು ಎದ್ದು, ತುದಿಯಲ್ಲಿ ಹೊರಕ್ಕೆ ಬಾಗಿರುತ್ತವೆ. ಹೋಗುವ ಮೊದಲು ಶಿವಮೊಗ್ಗದಲ್ಲಿ ಇಳಿದು ಶಿವಪ್ಪ ನಾಯಕ ಅರಮನೆಯ ಮರದ ಕಂಬಗಳನ್ನೂ ನೋಡಿಕೊಂಡರೆ ಹೋಲಿಸುವುದಕ್ಕೆ ಚೆನ್ನ. ನಮ್ಮ ಮಲೆನಾಡಿನ ಆ ಕಂಬಗಳು ಮರ ಕೆತ್ತಿ ಮಾಡಿದವು.

ಹೊರಗಿನಿಂದ ಫೋಟೋ ತೆಗೆದು ವಾಪಸ್ ಬರಬೇಡಿ. ಒಳಗೆ ಹೋಗಿ, ಅರ್ಧ ಗಂಟೆ ಕೂತು ಏನಾದರೂ ಓದಿಸಿ.