ಈ ವಹಿಯೊಳಗ ಇಲ್ಲ

ಪ್ರಶ್ನೆ: ಅಕ್ಕಾರಿಗೆ ನಮಸ್ಕಾರ. ಶೇರು ವಹಿವಾಟಿನ ಸಾಫ್ಟ್‌ವೇರ್ ಮಾಡುವ ಕಂಪನಿಯೊಂದರ ಕೆಲಸವನ್ನು ಮನೆಯಿಂದಲೇ ಮಾಡುತ್ತೇನೆ. ಗ್ರಾಹಕರ ಹಳೆಯ ಟ್ರೇಡ್‌ಗಳನ್ನು ಹುಡುಕಿಕೊಡುವ ನಮ್ಮ ಟೂಲನ್ನು ಈಗ ಗ್ರಾಹಕರ ಪ್ರಶ್ನೆಗೆ ತಾನೇ ಉತ್ತರಿಸುವ ಎಐ ಏಜೆಂಟ್ ಬಳಸುತ್ತಿದೆ. ಅದರ ಡಾಕ್ಯುಮೆಂಟೇಶನ್ ನನ್ನ ಪಾಲಿಗೆ ಬಂದಿದೆ. ‘ಪ್ಯಾರಾಮೀಟರ್ (ಟೂಲಿಗೆ ಕೊಡುವ ಮಾಹಿತಿ) ಹೆಸರು ಬರದುಬಿಡು, ಉಳದದ್ದು ಮಾಡೆಲ್ ತಾನ ತಿಳಕೋತದ’ ಅಂತಾರೆ ಸೀನಿಯರ್. ಆದರೆ ಏಜೆಂಟ್ ಒಂದು ಖರೀದಿಯನ್ನು ಮೂರು ಅಂತ ಎಣಿಸುತ್ತದೆ. ಮೊನ್ನೆ ಒಬ್ಬರಿಗೆ ‘ನೀವು ಈ ಶೇರು ಯಾವತ್ತೂ ಕೊಂಡಿಲ್ಲ’ ಅಂದುಬಿಟ್ಟಿತು. ಅವರು ಕೊಂಡಿದ್ದರು! ಎಲ್ಲಿಂದ ಶುರು ಮಾಡಲಿ?
– ಹೆಸರು ಬೇಡ, ವಿದ್ಯಾಗಿರಿ, ಬಾಗಲಕೋಟೆ

ಉತ್ತರ: ತಮ್ಮಾ, ಆ ‘ಕೊಂಡಿಲ್ಲ’ದಿಂದಲೇ ಶುರು ಮಾಡು.

ನಮ್ಮಪ್ಪ ವಿಜಯಪುರದಲ್ಲಿ ಒಣದ್ರಾಕ್ಷಿ ಅಡತಿ ಅಂಗಡಿಯೊಂದರ ದಿವಾಣಜಿ. ಸೂಟಿ ಬಂತೆಂದರೆ ನಾನು ಅಲ್ಲೇ ಗಾದಿಯ ಮೂಲೆಯಲ್ಲಿ. ಒಮ್ಮೆ ದೀಪಾವಳಿ ಕಳೆದ ಮೇಲೆ ತಿಕೋಟಾ ಕಡೆಯ ರೈತರೊಬ್ಬರು ಬೇಸಿಗೆಯಲ್ಲಿ ಹಾಕಿದ ಮಾಲಿನ ಪಟ್ಟಿ ಕೇಳಿಕೊಂಡು ಬಂದರು. ಹೊಸದಾಗಿ ಸೇರಿದ ಹುಡುಗ ಕೆಂಪು ವಹಿ ತಿರುವಿ, ‘ನಿಮ್ಮ ಮಾಲು ಬಂದೇ ಇಲ್ಲರೀ’ ಅಂದ. ಆ ಮನುಷ್ಯ ಟವೆಲ್ ಕೊಡವಿ ಎದ್ದೇ ನಿಂತರು. ಹುಡುಗ ನೋಡಿದ್ದು ಪಾಡ್ಯಕ್ಕೆ ಪೂಜೆ ಮಾಡಿ ಹಾಕಿದ ಹೊಸ ವಹಿ. ಅವರ ಲೆಕ್ಕವಿದ್ದ ಹಳೆಯದು ಅಟ್ಟದ ಮೇಲಿತ್ತು. ಅಪ್ಪ ಹುಡುಗನಿಗೆ ಬೈಯಲಿಲ್ಲ. ‘ಬಂದಿಲ್ಲ ಅನಬ್ಯಾಡ, ಈ ವಹಿಯೊಳಗ ಇಲ್ಲ ಅನ್ನು’ ಅಂದರು.

ನಿನ್ನ ಟೂಲ್ ಖಾಲಿ ಪಟ್ಟಿ ಕೊಟ್ಟಾಗ ಏಜೆಂಟ್ ಆ ಹುಡುಗನ ಹಾಗೇ ಮಾಡಿದೆ. ದಿನಾಂಕ ಕೊಡದಿದ್ದರೆ ಟೂಲ್ ಎಷ್ಟು ದಿನ ಹಿಂದಕ್ಕೆ ಹೋಗುತ್ತದೆ, ಕೋಡ್ ತೆಗೆದು ನೋಡು. 30 ದಿನ ಅಂತಿದ್ದರೆ ವಿವರಣೆಯಲ್ಲಿ ಹೀಗೆ ಬರೆ:

‘ನಡೆದು ಮುಗಿದ ಟ್ರೇಡ್‌ಗಳನ್ನು ಮಾತ್ರ ಕೊಡುತ್ತದೆ. ಬಾಕಿ ಇರುವ, ರದ್ದಾದ ಆರ್ಡರ್ ಇದರಲ್ಲಿ ಸಿಗುವುದಿಲ್ಲ. ದಿನಾಂಕ ಕೊಡದಿದ್ದರೆ ಕಳೆದ 30 ದಿನ ಮಾತ್ರ ಹುಡುಕುತ್ತದೆ. ಪಟ್ಟಿ ಖಾಲಿ ಬಂದರೆ ಆ ಅವಧಿಯಲ್ಲಿ ಟ್ರೇಡ್ ಇಲ್ಲ ಎಂದಷ್ಟೇ ಅರ್ಥ. ಗ್ರಾಹಕರಿಗೆ ಅವಧಿ ಸೇರಿಸಿಯೇ ಹೇಳು.’

ನಿನ್ನ ಸೀನಿಯರ್ ಹೇಳಿದ್ದು ಪೂರ್ತಿ ಸುಳ್ಳಲ್ಲ. ಟ್ರೇಡ್ ಅಂದರೇನು ಅಂತ ಏಜೆಂಟಿನೊಳಗಿನ ಮಾಡೆಲ್‌ಗೆ ಗೊತ್ತು. ನಿಮ್ಮ ಟೂಲಿನ 30 ದಿನ ಅದಕ್ಕೆ ಎಲ್ಲಿಂದ ಗೊತ್ತಾಗಬೇಕು? 2024ರ ನವೆಂಬರಿನಲ್ಲಿ ಬಂದ, ಟೂಲುಗಳನ್ನು ಎಐಗೆ ಜೋಡಿಸುವ ಎಂಸಿಪಿ ಪದ್ಧತಿಯನ್ನೇ ನೋಡು. ಟೂಲಿನ ಹೆಸರು, ವಿವರಣೆ, ಇನ್‌ಪುಟ್ ಸ್ಕೀಮಾ (ಯಾವ ಮಾಹಿತಿ ಯಾವ ರೂಪದಲ್ಲಿ ಕೊಡಬೇಕೆಂಬ ನಮೂನೆ), ಮಾಡೆಲ್ ಓದಿ ನಿರ್ಧರಿಸುವುದು ಇವುಗಳನ್ನೇ. ಅನುಮಾನ ಬಂದರೆ ಪಕ್ಕದ ಟೇಬಲ್ಲಿಗೆ ಬಂದು ನಿನ್ನನ್ನು ಕೇಳುವುದಿಲ್ಲ.

ಒಂದು ಮೂರಾದದ್ದು ಸುಲಭದ್ದು. 100 ಶೇರಿನ ಒಂದು ಆರ್ಡರ್ ಮಾರುಕಟ್ಟೆಯಲ್ಲಿ 40, 35, 25 ಅಂತ ಮೂರು ಕೈಗಳಿಂದ ತುಂಬಬಹುದು. ಆರ್ಡರ್ ನಂಬರ್ ಒಂದೇ, ಟ್ರೇಡ್ ನಂಬರ್ ಮೂರು. ‘ಎಷ್ಟು ಸಲ ಕೊಂಡೆ’ ಎಂದು ಕೇಳಿದರೆ ಆರ್ಡರ್ ನಂಬರಿನ ಮೇಲೆ ಕೂಡಿಸಬೇಕು ಅಂತ ಒಂದು ಸಾಲು ಹಾಕು, ಸಾಕು.

ದಿನಾಂಕದ್ದು ಮಾತ್ರ ಕಿರಿಕಿರಿ. ಟೂಲ್ ಯುಟಿಸಿ (ನಮಗಿಂತ ಐದೂವರೆ ತಾಸು ಹಿಂದಿನ ಜಾಗತಿಕ) ಸಮಯ ಕೊಡುತ್ತಿದ್ದರೆ ಬೆಳಗ್ಗೆ 9:15ಕ್ಕೆ ಮಾರುಕಟ್ಟೆ ತೆರೆದ ಕ್ಷಣದ ಖರೀದಿ 3:45 ಅಂತ ಕಾಣುತ್ತದೆ. ಕೋಳಿ ಕೂಗುವ ಮೊದಲೇ ಶೇರು ಕೊಂಡ ಹಾಗೆ! 04-05 ಅಂದರೆ ಮೇ 4ಓ ಏಪ್ರಿಲ್ 5ಓ, ಅದೂ ಸ್ಪಷ್ಟವಾಗಬೇಕು. ಹುಡುಕುವುದು ಟ್ರೇಡ್ ನಡೆದ ದಿನದ ಮೇಲೋ ಸೆಟಲ್‌ಮೆಂಟ್ (ಶೇರು, ಹಣ ಕೈ ಬದಲಾಗುವ) ದಿನದ ಮೇಲೋ, ತಪ್ಪದೆ ಬರೆ. 2023ರ ಜನವರಿ 27ರಿಂದ ನಮ್ಮಲ್ಲಿ ಎಲ್ಲ ಶೇರುಗಳಿಗೂ ಟಿ+1, ಅಂದರೆ ಮರು ಕೆಲಸದ ದಿನದ ಸೆಟಲ್‌ಮೆಂಟ್. ಮಾರ್ಚ್ 31ರ ಖರೀದಿ ಏಪ್ರಿಲ್‌ನಲ್ಲಿ ಸೆಟಲ್ ಆಗುತ್ತದೆ. ಏಜೆಂಟ್ ತಪ್ಪು ದಿನಾಂಕ ಹಿಡಿದರೆ ಹಣಕಾಸು ವರ್ಷವೇ ಬದಲಾಯಿತು.

ಸ್ಪ್ಲಿಟ್ ಆದ ಶೇರಿಗೆ ಹಳೆಯ ಬೆಲೆ ಕೊಡುತ್ತೀರೋ, ಸರಿಹೊಂದಿಸಿದ್ದೋ? ಒಂದು ಶೇರು ಐದಾದಾಗ, 1500 ರೂಪಾಯಿಗೆ ಕೊಂಡ 10 ಶೇರು ಈಗ 300 ರೂಪಾಯಿಯ 50 ಶೇರು. ಎರಡರಲ್ಲಿ ಟೂಲ್ ಕೊಡುವುದು ಯಾವುದು ಅಂತ ಹೇಳದಿದ್ದರೆ ಏಜೆಂಟ್ ಲಾಭವನ್ನು ನಷ್ಟ ಮಾಡಿ ತೋರಿಸೀತು.

ಇನ್ನು, ಒಂದು ಸಲಕ್ಕೆ ಇಷ್ಟೇ ಸಾಲು ಎಂಬ ಮಿತಿ ಇದೆಯಾ? ಅಪ್ಪ ಪುಟ ತುಂಬಿದಾಗ ತಳದಲ್ಲಿ ‘ಮುಂದೆ ನೋಡಿ’ ಅಂತ ಬರೆಯುತ್ತಿದ್ದರು. ಡಾಕ್ಯುಮೆಂಟೇಶನ್ನಿನಲ್ಲಿ ಬರೆದರೆ ಸಾಲದು, ಟೂಲಿನ ಉತ್ತರದಲ್ಲೂ ಆ ಮಾತು ಬರುವಂತೆ ಮಾಡು.

ಬರೆದಾದ ಮೇಲೆ ಮೊನ್ನೆ ತಪ್ಪು ಉತ್ತರ ಸಿಕ್ಕ ಗ್ರಾಹಕರ ಪ್ರಶ್ನೆಯನ್ನೇ ಮತ್ತೆ ಏಜೆಂಟ್ ಮುಂದಿಡು. ಸರಿ ಉತ್ತರ ಬಂದರೆ ಅವರಿಗೊಂದು ಫೋನ್ ಮಾಡು. ಏಜೆಂಟ್ ಕೈಲಿ ಮಾಡಿಸಬೇಡ, ನೀನೇ ಮಾಡು.