ಬ್ರೇಕ್ ಆಯಿಲ್ ಬಣ್ಣ ಛಲೋ ಐತಿ ಅಂದ್ರ ಮುಗೀತೇನು?

ಪ್ರಶ್ನೆ: ನಮಸ್ಕಾರ್ರಿ. ಗದಗದಾಗ ನಂದೊಂದು ಕಿರಾಣಿ ಅಂಗಡಿ ಐತಿ. ಮೂರು ವರ್ಷದ ಹಿಂದ ಸೆಕೆಂಡ್ ಹ್ಯಾಂಡ್ ಕಾರ್ ತಗೊಂಡೆ, ಅವಾಗಿಂದ ಬರೇ 11 ಸಾವಿರ ಕಿಲೋಮೀಟರ್ ಓಡೇತಿ, ಹೆಚ್ಚಂದ್ರ ಹುಬ್ಬಳ್ಳಿಗೆ ಹೋಗಿ ಮಾಲು ತರೂದು ಅಷ್ಟ. ಮೊನ್ನೆ ಸರ್ವಿಸಿಗೆ ಬಿಟ್ಟಾಗ ಬ್ರೇಕ್ ಆಯಿಲ್ ಬದಲಿಸಬೇಕು ಅಂದ್ರು, ನಾ ಬ್ಯಾಡ ಅಂದೆ. ನಮ್ಮ ಓಣಿ ಮಿಸ್ತ್ರಿ ಬಾನೆಟ್ ಎತ್ತಿ ನೋಡಿ "ಬಣ್ಣ ಛಲೋ ಐತಿ, ಲೆವೆಲ್ಲೂ ಐತಿ, ಸುಮ್ನ ರೊಕ್ಕ ಯಾಕ ಹಾಳ ಮಾಡ್ತೀರಿ" ಅಂದ. ಮುಂದಿನ ತಿಂಗಳ ಮನಿಮಂದಿ ಎಲ್ಲಾ ಗೋಕರ್ಣಕ್ಕ ಹೊಂಟೀವಿ. ಯಾರ ಮಾತು ಕೇಳ್ಲಿ?

ಉತ್ತರ: ಸಾಹುಕಾರ್ರ, ಈ ಸಲ ಸರ್ವಿಸ್ ನವರ ಮಾತು ಕೇಳ್ರಿ. ಬಿಲ್ ಬೆಳಸಾಕ ಏನೇನೋ ಹೇಳ್ತಾರ ಅನ್ನೋ ಸಂಶಯ ನನಗೂ ಯಾವಾಗ್ಲೂ ಇರ್ತೈತಿ ಬಿಡ್ರಿ, ಆದ್ರ ಇದು ಆ ಲೆಕ್ಕದ್ದಲ್ಲ.

ನಾವು ಬ್ರೇಕ್ ಆಯಿಲ್ ಅಂತೀವಿ ಖರೆ, ಅದು ಎಣ್ಣಿ ಅಲ್ಲ, ಗ್ಲೈಕಾಲ್ ಜಾತಿ ದ್ರವ, ಅದಕ್ಕ ನೀರು ಅಂದ್ರ ಭಾಳ ಪ್ರೀತಿ. ನಿಮ್ಮ ಅಂಗಡ್ಯಾಗ ಮಳಿಗಾಲದಾಗ ಚುರಮರಿ ಚೀಲದ ಬಾಯಿ ಸರಿ ಕಟ್ಟದ ಬಿಟ್ರ ಮರುದಿನಕ್ಕ ಮೆತ್ತಗಾಗ್ತೈತಿ ಅಲ್ಲ, ಹಂಗ ಇದೂ ಗಾಳಿಯೊಳಗಿನ ಪಸಿ ಎಳ್ಕೊಂತೈತಿ, ಡಬ್ಬಿ ಮುಚ್ಚಳದ ಸಂದ್ಯಾಗಿಂದ, ರಬ್ಬರ್ ಪೈಪಿನ ಮೈಯಾಗಿಂದ, ಸಾವಕಾಶ. ಗಾಡಿ ಓಡಲಿ, ಶೆಡ್ಡಿನಾಗ ನಿಂದರಲಿ, ಅದರ ಕೆಲಸ ಅದು ಮಾಡ್ತಿರ್ತೈತಿ. ಅದಕ್ಕ ಕಿಲೋಮೀಟರ್ ಕಡಿಮಿ ಓಡೇತಿ ಅನ್ನೂದು ಇಲ್ಲಿ ನಡಿಯೂದಿಲ್ಲ, ವರ್ಷ ಎಣಸಬೇಕು. ಭಾಳಷ್ಟು ಕಂಪನಿ ಕೈಪಿಡ್ಯಾಗ 2 ವರ್ಷಕ್ಕೊಮ್ಮೆ ಅಂತ ಇರ್ತೈತಿ, ನಿಮ್ಮ ಗಾಡಿಗೆ ಎಷ್ಟಂತ ನಿಮ್ಮ ಪುಸ್ತಕದಾಗ ನೋಡ್ಕೋರಿ. ನಿಮ್ಮದು ನಿಮ್ಮ ಕೈಗೆ ಬಂದ ಮ್ಯಾಲ 3 ವರ್ಷ ಆತು, ಅದಕ್ಕೂ ಮೊದಲಿನ ಮಾಲಕ ಯಾವಾಗ ಹಾಕ್ಸಿದ್ನೋ ದೇವರಿಗೆ ಗೊತ್ತು.

ನೀರು ಸೇರಿದ್ರ ಏನಾಗ್ತೈತಿ ಅಂದ್ರ ಅದು ಕುದಿಯೂ ಬಿಸಿ ಕೆಳಗ ಇಳೀತೈತಿ. ಬ್ರೇಕ್ ಆಯಿಲಿನ ದರ್ಜೆಗೆ ಡಾಟ್ ನಂಬರ್ ಅಂತಾರ. ಡಾಟ್ 4 ಅನ್ನೂದು ಹೊಸದಿದ್ದಾಗ ಕಡಿಮಿ ಅಂದ್ರೂ 230 ಡಿಗ್ರಿ ತಡೀಬೇಕು, 3.7 ಪರ್ಸೆಂಟ್ ನೀರು ಸೇರಿದ ಮ್ಯಾಲ ಅದರ ಲೆಕ್ಕ 155ಕ್ಕ ಬರ್ತೈತಿ. ಡಾಟ್ 3 ಆದ್ರ 205 ಇದ್ದಿದ್ದು 140. ಗದಗ-ಹುಬ್ಬಳ್ಳಿ ರಸ್ತೆ ಸಪಾಟ, ಅಲ್ಲಿ ಬ್ರೇಕ್ ಅಷ್ಟು ಕಾಯೂದ ಇಲ್ಲ, ಹಿಂಗಾಗಿ ನಿಮಗ ಈತನಕ ಏನೂ ಗೊತ್ತಾಗಿಲ್ಲ. ಗೋಕರ್ಣಕ್ಕ ಹೋಗಬೇಕಂದ್ರ ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳೀಬೇಕಲ್ರಿ, ಮನಿಮಂದಿ, ಬುತ್ತಿಗಂಟು, ಎಲ್ಲಾ ತುಂಬ್ಕೊಂಡು. ಅಲ್ಲಿ ಗೊತ್ತಾಗ್ತೈತಿ.

ನನಗ ಅಲ್ಲೇ ಗೊತ್ತಾಗಿದ್ದು. ಮುಂದ ಲಾರಿ ಸಾಲು, ನಾ ಹಿಂದ ಹಿಂದ ಬ್ರೇಕ್ ಮ್ಯಾಲ ಕಾಲಿಟ್ಕೊಂಡ ಇಳಿಯಾಕತ್ತಿದ್ದೆ, ಒಂದು ತಿರುವಿನಾಗ ಪೆಡಲ್ ಒತ್ತಿದ್ರ ಬೆಣ್ಣಿ ಮ್ಯಾಲ ಕಾಲಿಟ್ಟಂಗ ಸೀದಾ ಕೆಳಗ ಹೋತು, ಬ್ರೇಕ್ ಹಿಡೀವಲ್ದು. ಪಟ ಪಟ ಪೆಡಲ್ ಹೊಡದು, ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಸಾವಕಾಶ ಎಳದು ಹೆಂಗೋ ಬಾಜೂಕ ನಿಲ್ಲಿಸಿದೆ. ಹಿಂದಿನ ಸೀಟಿನಾಗ ನಮ್ಮವ್ವ "ಯಾಕ ನಿಲ್ಲಿಸಿದ್ಯೋ, ಚಾ ಕುಡಿಯಾಕೇನು" ಅಂತ ಕೇಳಿದ್ಲು, ನಾ ಹೂಂ ಅಂದೆ. ಅರ್ಧಾ ತಾಸು ಬಿಟ್ಟು ಒತ್ತಿದ್ರ ಪೆಡಲ್ ಮೊದಲಿನಂಗ ಗಟ್ಟಿ! ಅಂಕೋಲಾದಾಗ ಒಬ್ಬರಿಗೆ ತೋರಿಸಿದ್ರ ಏನೂ ತ್ರಾಸಿಲ್ಲ ಅಂದ್ರು. ಮೋಸ ಇರೂದ ಇಲ್ಲಿ ನೋಡ್ರಿ. ಕಾದಾಗ ಒಳಗಿನ ನೀರು ಆವಿ ಆಗ್ತೈತಿ, ದ್ರವ ಒತ್ತಿದ್ರ ಕುಗ್ಗೂದಿಲ್ಲ, ಆವಿ ಕುಗ್ತೈತಿ, ನೀವು ಒತ್ತಿದ್ದೆಲ್ಲಾ ಆವಿ ತಿಂತೈತಿ, ಚಕ್ರಕ್ಕ ಮುಟ್ಟೂದಿಲ್ಲ. ಆರಿದ ಮ್ಯಾಲ ಆವಿ ಮತ್ತ ನೀರಾಗಿ ಎಲ್ಲಾ ಸರಿ ಐತಿ ಅನಸ್ತೈತಿ. ಊರಿಗೆ ಬಂದು ಹಳೇ ಬಿಲ್ ಹುಡುಕಿದ್ರ ಬ್ರೇಕ್ ಆಯಿಲ್ ಬದಲಿಸಿ 5 ವರ್ಷ ಆಗಿತ್ತು.

ಇನ್ನ ಬಣ್ಣದ ಮಾತು. ಕಪ್ಪಾಗಿದ್ರ ಬದಲಿಸ್ರಿ, ಅದರಾಗ ಎರಡು ಮಾತಿಲ್ಲ. ಬೆಳ್ಳಗದ ಅಂದ್ರ ಛಲೋ ಅದ ಅಂತ ಮಾತ್ರ ತಿಳ್ಕೋಬ್ಯಾಡ್ರಿ, ಸೇರಿದ ನೀರು ಕಣ್ಣಿಗೆ ಕಾಣೂದಿಲ್ಲ. ಮಿಸ್ತ್ರಿ ಹತ್ರ ಪೆನ್ನಿನಂಥ ಟೆಸ್ಟರ್ ಇದ್ರ ಅದ್ದಿ ನೋಡಾಕ ಹೇಳ್ರಿ, 3 ಪರ್ಸೆಂಟ್ ದಾಟಿದ್ರ ಬದಲಿಸೂದ. ಆದ್ರ ಅದೂ ಮ್ಯಾಲಿನ ಡಬ್ಬಿದಷ್ಟ ಹೇಳ್ತೈತಿ, ಚಕ್ರದ ಹತ್ರ ಬ್ರೇಕ್ ಪ್ಯಾಡ್ ಒತ್ತೂ ಕ್ಯಾಲಿಪರ್ ಅಂತಿರ್ತೈತಿ, ಅಲ್ಲಿ ಕಾಯೂ ಜಾಗದ್ದು ಇನ್ನೂ ಕೆಟ್ಟಿರಬಹುದು.

ಬದಲಿಸಬೇಕಾದ್ರ ಡಬ್ಬ್ಯಾಗಿಂದು ಸಿರಿಂಜಿನಲೆ ತಗದು ಹೊಸದು ಸುರುವಿ ಕೈ ತೊಳ್ಕೊಳ್ಳೋರು ಅದಾರ, ಅದು ಬದಲಿಸಿದಂಗಲ್ಲ. ನಾಕೂ ಚಕ್ರದ ಹತ್ರ ಆಯಿಲ್ ಹೊರಗ ಬಿಡೂ ನಿಪ್ಪಲ್ ಬಿಚ್ಚಿ ಹಳೇದು ಪೂರ್ತಿ ಹೊರಗ ಬರೂತನಕ ತಗೀಬೇಕು, ಅದರ ಕೂಡ ಪೈಪಿನೊಳಗಿನ ಗಾಳೀನೂ ಹೋಗಬೇಕು. ಮುಚ್ಚಳದ ಮ್ಯಾಲ ಡಾಟ್ 3 ಅಥವಾ ಡಾಟ್ 4 ಅಂತ ಬರದಿರ್ತೈತಿ, ಅದನ್ನ ಹಾಕಸ್ರಿ. ಡಾಟ್ 5 ಅನ್ನೂದು ಸಿಲಿಕಾನ್, ನಂಬರ್ ದೊಡ್ಡದು ಅಂತ ಅದನ್ನ ತಂದು ಇದರಾಗ ಕೂಡಿಸಬ್ಯಾಡ್ರಿ. ಮತ್ತ ಘಾಟಿನಾಗ ಗೇರ್ ಮ್ಯಾಲ ಇಳೀರಿ, ಹೊಸಾ ಆಯಿಲ್ ಹಾಕ್ಸೀನಿ ಅಂತ ಬ್ರೇಕ್ ಮ್ಯಾಲ ಕಾಲಿಟ್ಕೊಂಡ ಕುಂದರಬ್ಯಾಡ್ರಿ.

ಪ್ರಶ್ನೆ: ಹಾವೇರಿಯಿಂದ ಬರಿಯಾಕತ್ತೀನ್ರಿ. ಬ್ರೇಕ್ ಆಯಿಲ್ ಲೆವೆಲ್ ಕೆಳಗಿನ ಗೆರಿ ಹತ್ರ ಬಂದೈತಿ. ಹೋದ ವರ್ಷದ ಅರ್ಧಾ ಬಾಟ್ಲಿ ಮನ್ಯಾಗ ಐತಿ, ಸುರುವಲಾ?

ಉತ್ತರ: ಬ್ಯಾಡ್ರಿ. ಹೋದ ವರ್ಷ ಮುಚ್ಚಳ ತಗದ ಬಾಟ್ಲಿ ಅಂದ್ರ ಆಗ್ಲೇ ಪಸಿ ಕುಡದಿರ್ತೈತಿ. ಮೊದಲ ಬ್ರೇಕ್ ಪ್ಯಾಡ್ ನೋಡಸ್ರಿ, ಪ್ಯಾಡ್ ಸವದಂಗ ಲೆವೆಲ್ ತಾನಾಗೇ ಇಳೀತೈತಿ, ಹೊಸಾ ಪ್ಯಾಡ್ ಹಾಕಿದ್ರ ಮ್ಯಾಲ ಬರ್ತೈತಿ. ಈಗ ನೀವು ತುಂಬಿಸಿಟ್ರ ಅವಾಗ ಉಕ್ಕಿ ಹೊರಗ ಬಂದು ಪೇಂಟ್ ತಿಂದು ಹಾಕ್ತೈತಿ, ಚೆಲ್ಲಿದ್ರ ಒರಸ್ಕೋತ ಕುಂದರದ ತಟ್ನ ನೀರು ಹಾಕಿ ತೊಳೀರಿ. ಪ್ಯಾಡ್ ಛಲೋ ಇದ್ದು ಲೆವೆಲ್ ಇಳದಿದ್ರ ಎಲ್ಲೋ ಸೋರಾಕತ್ತೈತಿ, ಚಕ್ರದ ಒಳಮೈ ಹಸಿ ಐತೇನು ನೋಡ್ರಿ, ಅಂಥಾ ಗಾಡಿ ಮಿಸ್ತ್ರಿ ಮನಿಗೆ ಬರೂತನಕ ಓಡಸಬ್ಯಾಡ್ರಿ.