ಅಮೆರಿಕದಲ್ಲಿ ನಮ್ಮ ಇನ್ಶೂರೆನ್ಸ್ ಒಪ್ಪುವ ಮಿಡ್‌ವೈಫ್ (ಹೆರಿಗೆ ನೋಡಿಕೊಳ್ಳಲು ತರಬೇತಿ ಪಡೆದವರು) ಹತ್ತಿರದಲ್ಲೇ ಸಿಗಬೇಕಾದರೆ ಹೇಗೆ ಹುಡುಕಬೇಕು?

ನಿಮ್ಮ ಇನ್ಶೂರೆನ್ಸ್ ವೆಬ್‌ಸೈಟಿಗೆ ಲಾಗಿನ್ ಆಗಿ ‘ಸರ್ಟಿಫೈಡ್ ನರ್ಸ್ ಮಿಡ್‌ವೈಫ್’ ಅಂತ ಹುಡುಕಿ, ‘ಇನ್-ನೆಟ್‌ವರ್ಕ್’ ಇರುವವರನ್ನು ಗುರುತು ಮಾಡಿಕೊಳ್ಳಿ. ಅಂದರೆ ನಿಮ್ಮ ಇನ್ಶೂರೆನ್ಸ್ ಕಂಪನಿ ಜೊತೆ ಮೊದಲೇ ದರ ಮಾತಾಡಿಕೊಂಡವರು. ಹೊರಗಿನವರ ಹತ್ತಿರ ಹೋದರೆ ನಿಮ್ಮ ಕೈಯಿಂದ ಹೋಗುವ ದುಡ್ಡು ಜಾಸ್ತಿ.

ಆದರೆ ಆ ಪಟ್ಟಿ ಎಷ್ಟೋ ಸಲ ಹಳೆಯದಾಗಿರುತ್ತದೆ, ಸುಮ್ನೆ ನಂಬಬೇಡಿ, ಕ್ಲಿನಿಕ್‌ಗೆ ಫೋನ್ ಮಾಡಿ ನಿಮ್ಮ ಪ್ಲಾನಿನ ಪೂರ್ತಿ ಹೆಸರು ಹೇಳಿ ಕೇಳಿ, ಯಾಕಂದ್ರೆ ಕಂಪನಿ ಒಂದೇ ಆದರೂ ಪ್ಲಾನಿಗೊಂದು ನೆಟ್‌ವರ್ಕ್ ಇರಬಹುದು, ಅಲ್ವಾ? ಆಮೇಲೆ ಆ ಮಿಡ್‌ವೈಫ್ ಅವರ 10 ಅಂಕಿಯ ಎನ್‌ಪಿಐ ನಂಬರ್ (ಅಮೆರಿಕದಲ್ಲಿ ವೈದ್ಯಕೀಯ ಸೇವೆ ಕೊಡುವವರ ಗುರುತಿನ ಸಂಖ್ಯೆ) ತಗೊಂಡು ಇನ್ಶೂರೆನ್ಸ್‌ನವರ ಹತ್ತಿರವೂ ಖಚಿತ ಮಾಡಿಕೊಳ್ಳಿ. ಹೆರಿಗೆ ಆಗುವ ಆಸ್ಪತ್ರೆಯ ಬಿಲ್ ಬೇರೆ ಬರುತ್ತದೆ, ಅದೂ ನೆಟ್‌ವರ್ಕ್‌ನಲ್ಲಿದೆಯಾ ಅಂತ ದಯವಿಟ್ಟು ಮರೆಯದೆ ಕೇಳಿ.

ಮೆಡಿಕೇಡ್ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಇನ್ಶೂರೆನ್ಸ್) ಇದ್ದವರಿಗೆ ನರ್ಸ್ ಮಿಡ್‌ವೈಫ್ ಸೇವೆ ಎಲ್ಲ ರಾಜ್ಯಗಳಲ್ಲೂ ಸಿಗುತ್ತದೆ.